ಎಸಿಬಿ ಮುಚ್ಚಿಸಿದ್ದು ಯಾವ ಪಕ್ಷ ಸ್ವಾಮೀ?

ನಮ್ಮ ಟೀಮಿನಲ್ಲೊಬ್ಬರಿದ್ದಾರೆ. ಯಾರಾದರೂ ಸರ್ಕಾರದ ಮೇಲೆ ಪಿಐಎಲ್ ಹಾಕಿದ ಸುದ್ದಿ ಬಂದರೆ ಸಾಕು, "ಇವರಿಗೆ ಬೇರೆ ಕೆಲಸ ಇಲ್ಲ ಮಾರಾಯ, ಕಾನೂನು ನೋಡ್ಕೊಳ್ಳೋಕೆ ಶಾಸಕರಿಲ್ವಾ?" ಅಂತ ಶುರು. ಎಷ್ಟೋ ಜನರ ಅಭಿಪ್ರಾಯ ಇದೇ ಆಗಿರೋದರಿಂದ ಉತ್ತರ ಇಲ್ಲೇ ಬರೆದುಬಿಡ್ತೀನಿ.

ನಮ್ಮ ಲೋಕಾಯುಕ್ತ ಕಾಯ್ದೆ 1984ರದ್ದು. ಲಂಚ ಪ್ರಕರಣಗಳಲ್ಲಿ ಎಫ್‌ಐಆರ್ ಹಾಕುವ ಅಧಿಕಾರ ಲೋಕಾಯುಕ್ತ ಪೊಲೀಸರಿಗಿತ್ತು. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರೇ ರಾಜೀನಾಮೆ ಕೊಡಬೇಕಾಯ್ತು. ಇಂಥ ಹಲ್ಲಿರೋ ಸಂಸ್ಥೆ ಯಾವ ಪಕ್ಷಕ್ಕೆ ತಾನೇ ಇಷ್ಟ? 2015ರಲ್ಲಿ ಅದರೊಳಗೇ ಲಂಚದ ಹಗರಣ ಎದ್ದು ಲೋಕಾಯುಕ್ತರೂ ಹೋದರು. ನಾಚಿಕೆಗೇಡು, ಒಪ್ಪೋಣ. ಆದರೆ ಇಲಿ ಸೇರಿತು ಅಂತ ಮನೆಗೇ ಬೆಂಕಿ ಇಡ್ತಾರಾ?

ಇಟ್ಟರು. 14 ಮಾರ್ಚ್ 2016ರಂದು ಸಿದ್ದರಾಮಯ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ಹುಟ್ಟಿಸಿತು. ಮಸೂದೆ ಇಲ್ಲ, ಬರೀ ಸರ್ಕಾರಿ ಆದೇಶ. ಲೋಕಾಯುಕ್ತ ಪೊಲೀಸರ ಅಧಿಕಾರ ಹೋಯ್ತು, ಹೊಸ ದಳ ಮುಖ್ಯಮಂತ್ರಿಗಳ ಕೈಕೆಳಗೆ! ಕೋಡ್ ಬರೆದವನೇ ಟೆಸ್ಟ್ ಮಾಡಿ ಸೈನ್ ಆಫ್ ಕೊಟ್ಟ ಹಾಗೆ :-)

ಇದನ್ನು ವಿರೋಧಿಸಿ ಕೂಗಾಡಿದ ಬಿಜೆಪಿಯವರು 2019ರಲ್ಲಿ ಅಧಿಕಾರಕ್ಕೆ ಬಂದರಲ್ಲ, ಮುಚ್ಚಿದರಾ? ಊಹೂಂ.

ಕೋರ್ಟಿಗೆ ಹೋದವರು ಬೆಂಗಳೂರು ವಕೀಲರ ಸಂಘ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮೊದಲಾದವರು. ಬಳ್ಳಾರಿ ಗಣಿ ವಿಷಯದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದೂ ಇದೇ ಸಮುದಾಯ. 2011ರಲ್ಲಿ ಅಲ್ಲಿನ ಗಣಿಗಾರಿಕೆಗೆ ತಡೆ ಬಿದ್ದಿದ್ದು ಆ ಕೇಸಿನಿಂದಲೇ. ಎಸಿಬಿ ಅರ್ಜಿಗಳು 2016ರವು. ಹೈಕೋರ್ಟ್ ಆ ಆದೇಶ ರದ್ದು ಮಾಡಿ ಕೇಸುಗಳನ್ನು ಲೋಕಾಯುಕ್ತಕ್ಕೆ ವಾಪಸ್ ಕಳಿಸಿದ್ದು 11 ಆಗಸ್ಟ್ 2022ರಂದು. ಆರು ವರ್ಷ ಸ್ವಾಮೀ! ಎಸಿಬಿ ಹುಟ್ಟಿದಾಗ ನಾನು ಇಂಜಿನಿಯರಿಂಗ್ ಓದ್ತಿದ್ದೆ, ಅದು ಸಾಯೋ ಹೊತ್ತಿಗೆ ಎರಡನೇ ಕಂಪನಿಯಲ್ಲಿದ್ದೆ. ಅಷ್ಟು ದಿನ ಫೈಲು ಹಿಡಿದು ಓಡಾಡಿದವರು "ಕೆಲಸ ಇಲ್ಲದವರು", ಎರಡು ದಿನ ಫೇಸ್‌ಬುಕ್ಕಿನಲ್ಲಿ ಉರಿದು ತಣ್ಣಗಾದ ನಾವು ಬುದ್ಧಿವಂತರು!

ಹಲ್ಲು ವಾಪಸ್ ಬಂದರೂ ಲಗಾಮು ಇನ್ನೂ ಸರ್ಕಾರದ ಕೈಲೇ ಇದೆ. ಸಿಕ್ಕಿಬಿದ್ದ ನೌಕರನ ವಿಚಾರಣೆ ಕೋರ್ಟಿನಲ್ಲಿ ನಡೀಬೇಕಂದ್ರೆ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ ಪ್ರಕಾರ ಮೊದಲು ಮಂಜೂರಾತಿ ಬೇಕು. ಮೂರು ತಿಂಗಳಲ್ಲಿ ತೀರ್ಮಾನಿಸಿ ಅಂತ 2018ರ ತಿದ್ದುಪಡಿ ಹೇಳುತ್ತೆ. ನಿಮ್ಮೂರಿನಲ್ಲಿ ಟ್ರ್ಯಾಪ್ ಆದವರ ಮಂಜೂರಾತಿ ಎಷ್ಟು ತಿಂಗಳಿಂದ ಬಾಕಿ ಇದೆ ಅಂತ ಇಲಾಖೆಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಕೇಳಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ.