ಹುಳ ಹಿಡಿಯದ ಗಿಡ

ನಮ್ಮದು ಅಡಿಕೆಯ ಸೀಮೆ. ಸಾಗರದ ಪೇಟೆಯಿಂದ ಸ್ವಲ್ಪ ದೂರ ಬಸ್ಸಿನಲ್ಲಿ ಹೋದರೆ ಸಾಕು, ತೋಟ ಕಾಣುತ್ತದೆ. ಇಂಥ ಊರಿನ ನರ್ಸರಿಯೊಂದರಲ್ಲಿ ಕಳೆದ ಮಳೆಗಾಲ 'ಅರೆಕಾ ಪಾಮ್' ಎಂಬ ಚೀಟಿ ಹಚ್ಚಿದ ಕುಂಡಗಳು ಸಾಲಾಗಿ ನಿಂತಿದ್ದವು. ಅಡಿಕೆ ಇರುವುದು ಹೆಸರಿನಲ್ಲಿ ಮಾತ್ರ. ಗಿಡದ ತವರು ಮಡಗಾಸ್ಕರ್. ಒಂದು ಗೋಟಡಿಕೆಯೂ ಅದರಲ್ಲಿ ಸಿಗುವುದಿಲ್ಲ. ತೋಟದ ಮನೆಯಿಂದ ಬಂದಿದ್ದ ಒಬ್ಬಾಕೆ ನನ್ನ ಕಣ್ಣೆದುರೇ 350 ರೂಪಾಯಿಗೊಂದರಂತೆ ಎರಡು ಕುಂಡ ಆಟೋಗೆ ಹೇರಿಸಿಕೊಂಡರು. ನಗು ಬಂತು. ಆದರೆ ನಗುವ ಹಕ್ಕು ನನಗೆಲ್ಲಿದೆ? ನಮ್ಮ ವರಾಂಡದಲ್ಲೂ ಅದೇ ಗಿಡ ಐದು ವರ್ಷದಿಂದ ಕೂತಿದೆ.

ನಾನು ಹೋದದ್ದು ಸುರಗಿ ಸಸಿ ಕೇಳಲು. ತವರಿನ ಸುರಗಿ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಶಿವರಾತ್ರಿ ಹೊತ್ತಿಗೆ ಅಮ್ಮ ಅದರ ಮೊಗ್ಗು ಪೋಣಿಸಿ, ಒಣಗಿಸಿ, ಟ್ರಂಕಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದಳು. ಅಮ್ಮ ಹೋದ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ತಳದಲ್ಲಿ ಅರ್ಧ ಪುಡಿಯಾದ ಮಾಲೆಯೊಂದಿತ್ತು. ಮಗಳು ಮೂಸಿ, "ಯಾವ ಸೆಂಟಮ್ಮ ಇದು?" ಎಂದಳು.

"ಸುರಗಿ ಇಲ್ಲ" ಎಂದ ನರ್ಸರಿಯ ಹುಡುಗ. ರೆಂಜೆ? ಇಲ್ಲ. ಈಶ್ವರಿ ಬಳ್ಳಿ? "ಅದೆಲ್ಲ ಕಾಡುಗಿಡ ಮೇಡಂ, ದುಡ್ಡು ಕೊಟ್ಟು ಯಾರು ಒಯ್ತಾರೆ? ಈ ಕ್ರೋಟನ್ ನೋಡಿ, ಡುರಾಂಟ ನೋಡಿ. ಹುಳ ಹಿಡಿಯಲ್ಲ, ಕಸ ಇಲ್ಲ. ಲೇಡೀಸೆಲ್ಲ ಅದನ್ನೇ ಕೇಳೋದು."

ಅವನನ್ನು ಬೈದು ಪ್ರಯೋಜನವಿಲ್ಲ. ಕೇಳಿದವರು ನಾವು. ಹುಳ ಹಿಡಿಯದ ಗಿಡವೆಂದರೇನು, ಒಮ್ಮೆ ಯೋಚಿಸಿದ್ದೇವೆಯೇ? ಬಹಳ ಸಲ ಅದು ಈ ನೆಲದ ಹುಳುವಿಗೆ ತಿನ್ನಲು ಬಾರದ ಗಿಡ. ಹುಳವಿಲ್ಲದ ಮೇಲೆ ಪಿಕಳಾರ ತನ್ನ ಮರಿಗೆ ಏನು ಗುಟುಕು ಕೊಡಬೇಕು? ಸದರ್ನ್ ಬರ್ಡ್‌ವಿಂಗ್ ಎಂಬ ದೊಡ್ಡ ಚಿಟ್ಟೆಗೆ ಕರ್ನಾಟಕದ ರಾಜ್ಯ ಚಿಟ್ಟೆಯ ಪದವಿ ಇದೆ. ಅದರ ಹುಳು ತಿಂದು ಬೆಳೆಯುವುದು ಈಶ್ವರಿ ಬಳ್ಳಿಯಂಥ ಕೆಲವೇ ಗಿಡಗಳ ಎಲೆ. ಎಲೆ ಕೊಡದೆ ಪದವಿ ಕೊಟ್ಟರೆ ಅದು ಪದವಿಯನ್ನು ತಿಂದು ಬದುಕುತ್ತದೆಯೇ? ಕರಿಬೇವಿನ ಮೇಲಿನ ಹಸಿರು ಹುಳವನ್ನು ಹೊಸಕಿ ಹಾಕಿ, ಒಳಗೆ ಬಂದು ಮಗನ ಡ್ರಾಯಿಂಗ್ ಪುಸ್ತಕದಲ್ಲಿ ಚಿಟ್ಟೆ ಬರೆದುಕೊಡುವವರು ನಾವೇ. ಆ ಹುಳವೇ ಮುಂದೆ ಬಿಳಿ ಚುಕ್ಕಿಯ ಕರಿ ಚಿಟ್ಟೆಯಾಗುವುದು.

ಹೊರಗಿನದೆಲ್ಲ ಮೈಲಿಗೆ ಎನ್ನುವ ಮಡಿ ನನಗಿಲ್ಲ. ಹಾಗೆಂದರೆ ನಾಳೆಯ ಸಾರಿಗೆ ಟೊಮೆಟೊ ಇಲ್ಲ, ಮೆಣಸಿನಕಾಯಿಯೂ ಇಲ್ಲ; ದಸರೆಗೆ ಚೆಂಡುಹೂವಿಲ್ಲ. ಆದರೆ ಲಂಟಾನವನ್ನೂ ಹೂ ಚೆಂದವೆಂದೇ ತೋಟಗಳಿಗೆ ತಂದರಲ್ಲ! ಇವತ್ತು ಅದು ಬಂಡೀಪುರದ ಕಾಡಿನೊಳಗೆ ಹುಲ್ಲು ಮೇಲೇಳದಂತೆ ಹಬ್ಬಿ ಕೂತಿದೆ.

ಇನ್ನು ಎಲೆ ಉದುರುವ ಮಾತು. "ಸುರಗಿ ಮರವಾದರೆ ಅಂಗಳವೆಲ್ಲ ಕಸ" ಎಂದರು ನಮ್ಮ ಮನೆಯವರು. 18 ವರ್ಷದಿಂದ ಆ ಅಂಗಳ ಗುಡಿಸಿದವಳು ನಾನು. ಅವರು ಒಂದು ದಿನವಾದರೂ ಪೊರಕೆ ಹಿಡಿದಿದ್ದರೆ ತಕರಾರು ಒಪ್ಪುತ್ತಿದ್ದೆ. ಬಿದ್ದ ಎಲೆಗೆ ಬೆಂಕಿ ಹಚ್ಚಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಉಳಿದ ಎರಡು ಕುಂಡಕ್ಕೆ ಪೇಟೆಯಿಂದ ಎರೆಗೊಬ್ಬರ ಕೊಂಡು ತರುವುದು ಯಾವ ಸೀಮೆಯ ಜಾಣತನವೋ.

"ಅಷ್ಟು ಬೇಕಿದ್ದರೆ ಕಾಡಿನಿಂದ ಕಿತ್ತು ತನ್ನಿ" ಎಂದವರೂ ಇದ್ದಾರೆ. ಅದು ಮಾತ್ರ ಕೂಡದು. ಎಲ್ಲರೂ ಹೀಗೆ ಕಿತ್ತರೆ ಕಾಡಿನಲ್ಲಿ ಉಳಿಯುವುದೇನು? ಬೀಜದಿಂದ ಸಸಿ ಎಬ್ಬಿಸುವುದು ನರ್ಸರಿಯ ಕಸುಬು. ಅದಕ್ಕೇ ನಾವು ದುಡ್ಡು ಕೊಡುವುದು.

ಮತ್ತೆ ಹೋಗಿ ಹಾಗೇ ಹೇಳಿದೆ. ಹುಡುಗ ತಲೆ ಕೆರೆದುಕೊಂಡು, "ಹತ್ತು ಜನ ಅಡ್ವಾನ್ಸ್ ಕೊಟ್ಟರೆ ಬೀಜ ಹಾಕ್ತೀನಿ ಮೇಡಂ" ಎಂದ. ನನ್ನ ಹೆಸರು ಬರೆಸಿ 100 ರೂಪಾಯಿ ಕೊಟ್ಟು ಬಂದೆ. ಮಹಿಳಾ ಸಮಾಜದಲ್ಲಿ ಕಾಡಿ ಬೇಡಿ ಇನ್ನೂ ಏಳು ಹೆಸರು ಸೇರಿಸಿದ್ದೇನೆ. ಒಂಬತ್ತನೆಯವರು ಪರ್ಸು ತೆರೆದವರು ಅಲ್ಲೇ ನಿಲ್ಲಿಸಿ ಕೇಳಿದರು: "ಅಲ್ಲ ಕಣ್ರೀ, ಇದಕ್ಕೆ ಹುಳ ಹಿಡಿಯಲ್ಲ ತಾನೇ?"