ಮೂತ್ರಪಿಂಡದ ಪರೀಕ್ಷೆ: ನಮಗೂ ಬೇಕು, ಕೆಲಸದವರಿಗೂ ಬೇಕು

ಕೊಯ್ಲಿನ ಕಾಲಕ್ಕೆ ಮುಧೋಳ, ಜಮಖಂಡಿ, ಬೀಳಗಿ ಕಡೆಯಿಂದ ನಮ್ಮ ತೋಟಗಳಿಗೆ ಬರುವ ಕೆಲಸದವರನ್ನು ಸದಸ್ಯ ಬಂಧುಗಳು ಬಲ್ಲರು. ಮುಧೋಳದ ಹತ್ತಿರದ ಹಳ್ಳಿಯಿಂದ ವರ್ಷ ತಪ್ಪದೆ ಬರುತ್ತಿದ್ದ ಮೇಸ್ತ್ರಿ ಈ ಸಲ ಬರಲಿಲ್ಲ, ಮಗ ಬಂದ. ಕೇಳಿದರೆ, "ನಮ್ಮಪ್ಪಂದು ಕಿಡ್ನಿ ಹೋಗ್ಯಾವ್ರಿ. ವಾರಕ್ಕ ಎರಡ ಸಲ ಡಯಾಲಿಸಿಸ್ ಮಾಡಸ್ತೀವಿ" ಎಂದ. ಹೋದ ವರ್ಷ ನಮ್ಮ ಕಣದಲ್ಲಿ ಕಾಫಿ ಚೀಲ ಹೊತ್ತವರು! ನೋವೇ ಇರಲಿಲ್ಲವಂತೆ.

ಈ ರೋಗದ ಕೇಡು ಅದೇ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿರುತ್ತವೆ. ಅರ್ಧಕ್ಕರ್ಧ ಕೆಟ್ಟರೂ ಮನುಷ್ಯ ಗೆಯ್ಯುತ್ತಲೇ ಇರುತ್ತಾನೆ. ಕಾಲು ಬಾತು, ಊಟ ಸೇರದೆ, ಉಸಿರು ಕಟ್ಟುವ ಹೊತ್ತಿಗೆ ಕಾಲ ಮೀರಿರುತ್ತದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಸುವ ನಾವು, ಅಡಿಕೆ ಉದುರಿದ ಮೇಲೆ ಗಂಟೆಗಟ್ಟಲೆ ಹೊಡೆಸಿದರೆ ಏನು ಬಂತು ಎಂದು ಬಲ್ಲೆವು. ನಮ್ಮ ಮೈಯ ವಿಷಯದಲ್ಲಿ ಮಾತ್ರ ಆ ಬುದ್ಧಿ ಓಡುವುದಿಲ್ಲ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಮೊದಲ ಕಾರಣಗಳು. ಮನೆಯಲ್ಲಿ ಯಾರಿಗಾದರೂ ಈ ರೋಗವಿದ್ದರೆ ಉಳಿದವರಿಗೂ ಅಪಾಯ ಹೆಚ್ಚು. ಇನ್ನೊಂದು, ನೋವಿನ ಮಾತ್ರೆ. ದಿನವಿಡೀ ಬೆವರು ಸುರಿಸಿ, ನೀರು ಕುಡಿಯದೆ, ಸಂಜೆ ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ನುಂಗುವುದು ನಮ್ಮಲ್ಲೂ ಉಂಟು, ಮುಧೋಳದ ಕಬ್ಬಿನ ಗದ್ದೆಯಲ್ಲೂ ಉಂಟು. ಒಣಗಿದ ಮೈಗೆ ಈ ಮಾತ್ರೆ ಮೂತ್ರಪಿಂಡದ ರಕ್ತವನ್ನೇ ಕಡಿಮೆ ಮಾಡುತ್ತದೆ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ದುಡಿಮೆಗಾರರ ಮೂತ್ರಪಿಂಡ ಕೆಡುತ್ತಿರುವುದನ್ನು ಅಲ್ಲಿನ ವೈದ್ಯರು 2002ರಲ್ಲಿ ವರದಿ ಮಾಡಿದರು. ಆ ಭಾಗದಲ್ಲಿ ಹೆಚ್ಚಾಗಿ ಬಿದ್ದವರು ಕಬ್ಬು ಕಡಿಯುವವರು. ಬಿಸಿಲು ಮತ್ತು ನೀರಿನ ಕೊರತೆಯ ಮೇಲೆ ಬಲವಾದ ಅನುಮಾನವಿದೆ. ನಿಕರಾಗುವದ ಒಂದು ಸಕ್ಕರೆ ಕಾರ್ಖಾನೆ ನೀರು, ನೆರಳು, ವಿರಾಮ ಹೆಚ್ಚಿಸಿದಾಗ ಕೆಲಸಗಾರರ ಮೂತ್ರಪಿಂಡದ ಹಾನಿ ಇಳಿಯಿತು. ಆಂಧ್ರದ ಉದ್ದಾನಂನಲ್ಲಂತೂ ತೆಂಗು, ಗೇರು ಬೆಳೆಯುವ ನಮ್ಮಂಥವರೇ ನರಳುತ್ತಿದ್ದಾರೆ. ಅಲ್ಲಿನ ಕಾರಣ ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ತೋಟಗಳಲ್ಲಿ ಹೆಣ್ಣಾಳುಗಳು ಹಗಲು ನೀರು ಮುಟ್ಟುವುದಿಲ್ಲ. ಶೌಚಕ್ಕೆ ಮರೆಯಿಲ್ಲ, ಅದಕ್ಕೆ. ಈ ತಪ್ಪು ನಮ್ಮದು, ಬೇರೆ ಯಾರದ್ದೂ ಅಲ್ಲ.

ಬೇಕಾದುದು ದೊಡ್ಡ ಆಸ್ಪತ್ರೆಯಲ್ಲ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಬೇಕು. ಬೇಗ ಗೊತ್ತಾದರೆ ರೋಗದ ಓಟವನ್ನು ಔಷಧಿಯಿಂದ ನಿಧಾನ ಮಾಡಬಹುದು. ಮಣ್ಣು ಪರೀಕ್ಷೆಗೆ ತೋಟದ ನಾಲ್ಕು ಕಡೆಯ ಮಣ್ಣು ಹೊತ್ತು ಹೋಗುವವರಿಗೆ ಇದು ಹೊರೆಯಲ್ಲ. ಮುಂದಿನ ವಾರ್ಷಿಕ ಮಹಾಸಭೆಯ ದಿನ ಸಂಘದ ಗೋದಾಮಿನಲ್ಲೇ ಈ ಏರ್ಪಾಡು ಆಗಲಿ, ಕೆಲಸದವರನ್ನೂ ಕರೆತರಲಿ ಎಂದು ಆಡಳಿತ ಮಂಡಳಿಯನ್ನು ಕೇಳುತ್ತೇವೆ.

ಮೇಸ್ತ್ರಿಯ ಮಗನನ್ನು ಹೋದ ವಾರ ಪರೀಕ್ಷೆಗೆ ಕಳಿಸಿದ್ದೆವು. ಮೂತ್ರ, ಕ್ರಿಯಾಟಿನಿನ್ ಸರಿಯಿವೆ. ರಕ್ತದೊತ್ತಡ ಹೆಚ್ಚಿದೆ, ಮಾತ್ರೆ ಶುರುವಾಗಿದೆ.