ಸ್ಕೈಲರ್ ಮಾಡಿದ ತಪ್ಪಾದರೂ ಏನು?

ಕೊಲೆ ಮಾಡಿದ ಗಂಡ ಹೀರೊ. ‘ರಾತ್ರಿಯೆಲ್ಲ ಎಲ್ಲಿದ್ದೆ’ ಎಂದು ಕೇಳಿದ ಹೆಂಡತಿ ಪೀಡೆ. ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿ ಮುಗಿದು ಹತ್ತು ವರ್ಷ ದಾಟಿದರೂ ಅದರ ಅಭಿಮಾನಿಗಳು ಕೊಟ್ಟ ಈ ತೀರ್ಪು ಬದಲಾಗಿಲ್ಲ. ಬೆಂಗಳೂರಿನ ಹುಡುಗರು ಅದರ ನಾಯಕ ವಾಲ್ಟರ್ ವೈಟ್‌ನ ಟೋಪಿ, ಕಪ್ಪು ಕನ್ನಡಕದ ಚಿತ್ರವಿರುವ ಟೀ ಶರ್ಟ್ ಹಾಕಿಕೊಂಡು ಹೆಮ್ಮೆಯಿಂದ ಓಡಾಡುತ್ತಾರೆ. ಅವನ ಹೆಂಡತಿ ಸ್ಕೈಲರ್ ಹೆಸರೆತ್ತಿದರೆ ಸಾಕು, ಮುಖ ಸಿಂಡರಿಸುತ್ತಾರೆ. 62 ಕಂತುಗಳನ್ನೂ ಉಸಿರು ಬಿಗಿಹಿಡಿದು ನೋಡಿದವಳು ನಾನು. ಟಿ.ವಿ. ಕಂಡ ಅತ್ಯುತ್ತಮ ಕಥೆಗಳಲ್ಲಿ ಇದೂ ಒಂದು ಎಂದು ಇವತ್ತಿಗೂ ವಾದಿಸುತ್ತೇನೆ. ಆದ್ದರಿಂದಲೇ ಹೇಳುತ್ತಿದ್ದೇನೆ: ‘ಆ ಪಾತ್ರ ನಮಗೆ ಇಷ್ಟವಾಗಲಿಲ್ಲ ಅಷ್ಟೇ’ ಎಂಬ ನೆಪ ನಡೆಯುವುದಿಲ್ಲ. ಇದು ಹೆಣ್ಣಿನ ಮೇಲಿನ ಹಗೆ.

ವಾಲ್ಟರ್ ಪರ ವಕಾಲತ್ತು ವಹಿಸುವವರ ಬಾಯಲ್ಲಿ ಒಂದೇ ಮಾತು: ಪಾಪ, ಮಾಡಿದ್ದೆಲ್ಲ ಮನೆಯವರಿಗಾಗಿ. ಇವರು ಮೊದಲ ಸೀಸನ್ನಿನ ಐದನೇ ಕಂತನ್ನು ಮತ್ತೆ ನೋಡಬೇಕು. ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾದ ಈ ಹೈಸ್ಕೂಲ್ ಮೇಷ್ಟ್ರಿಗೆ ಹಳೆಯ ಗೆಳೆಯ ಎಲಿಯಟ್ ತನ್ನ ಕಂಪನಿಯಲ್ಲಿ ಕೆಲಸ ಕೊಡುತ್ತೇನೆ, ಒಳ್ಳೆಯ ಆರೋಗ್ಯ ವಿಮೆಯೂ ಇದೆ ಎನ್ನುತ್ತಾನೆ. ಎಲಿಯಟ್‌ನ ಹೆಂಡತಿ ಗ್ರೆಚೆನ್ ಫೋನ್ ಮಾಡಿ, ಕೆಲಸ ಬೇಡವಾದರೆ ಬೇಡ, ಚಿಕಿತ್ಸೆಯ ಖರ್ಚನ್ನಾದರೂ ಕೊಡುತ್ತೇವೆ ಎಂದು ಕೇಳಿಕೊಳ್ಳುತ್ತಾಳೆ. ಅವನು ಒಪ್ಪುವುದಿಲ್ಲ. ಒಪ್ಪದೆ ನೇರವಾಗಿ ತನ್ನ ಹಳೆಯ ವಿದ್ಯಾರ್ಥಿ ಜೆಸ್ಸಿಯ ಮನೆಗೆ ಹೋಗಿ ಮತ್ತೆ ಮೆತ್ ಎಂಬ ಮಾದಕವಸ್ತು ತಯಾರಿಸೋಣ ಎನ್ನುತ್ತಾನೆ. ಹಣ ಮನೆ ಬಾಗಿಲಿಗೆ ಬಂದಿತ್ತು, ಅವನೇ ಬೇಡವೆಂದ. ‘ಮನೆಯವರಿಗಾಗಿ’ ಎಂಬ ಮಾತು ಅಲ್ಲೇ ಸತ್ತುಹೋಯಿತು. ಆಮೇಲೆ ಜೆಸ್ಸಿಯ ಗೆಳತಿ ಜೇನ್ ಉಸಿರುಕಟ್ಟಿ ಸಾಯುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದು ಯಾರಿಗಾಗಿ? ಬ್ರಾಕ್ ಎಂಬ ಮಗುವಿಗೆ ವಿಷ ಹಾಕಿದ್ದು ಯಾರಿಗಾಗಿ?

ಈಗ ಸ್ಕೈಲರ್ ಮಾಡಿದ ‘ಅಪರಾಧ’ಕ್ಕೆ ಬರೋಣ. ಗಂಡ ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು, ಕೇಳಿದಳು. ಅವನ ಬಳಿ ಇನ್ನೊಂದು ಫೋನ್ ಇದೆ ಎಂಬ ಅನುಮಾನ ಬಂತು, ಕೇಳಿದಳು. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಅವಳು ಗರ್ಭಿಣಿ, ಮುಖಕ್ಕೆ ಹಸಿರು ಲೇಪ ಹಚ್ಚಿಕೊಂಡು ಅಡುಗೆಮನೆಯಲ್ಲಿ ನಿಂತಿರುತ್ತಾಳೆ. ವಾಲ್ಟರ್ ಹಿಂದಿನಿಂದ ಬಂದು ಅವಳನ್ನು ಫ್ರಿಜ್ಜಿಗೆ ಒತ್ತಿ ಮೈಮೇಲೆ ಬೀಳುತ್ತಾನೆ. ಬೇಡ, ನಿಲ್ಲಿಸು ಎಂದರೂ ಬಿಡುವುದಿಲ್ಲ. ಲೇಪ ಫ್ರಿಜ್ಜಿನ ಬಾಗಿಲಿಗೆ ಮೆತ್ತಿಕೊಳ್ಳುತ್ತದೆ. ಇಷ್ಟನ್ನು ಕಣ್ಣಾರೆ ಕಂಡವರೇ ಮುಂದಿನ ಕಂತಿಗೆ ‘ಇವಳದ್ದೊಂದು ಕಿರಿಕಿರಿ’ ಎಂದು ಗೊಣಗುತ್ತಾರೆ!

ತನ್ನ ಕಚೇರಿಯ ಬಾಸ್ ಟೆಡ್ ಜತೆಗಿನ ಅವಳ ಸಂಬಂಧ ಅವರ ಬ್ರಹ್ಮಾಸ್ತ್ರ. ಅದು ನಡೆದದ್ದು ಯಾವಾಗ? ಅವಳು ವಿಚ್ಛೇದನ ಕೇಳಿದ ಮೇಲೆ. ಬೇಡವೆಂದರೂ ವಾಲ್ಟರ್ ಮನೆಯೊಳಗೆ ಬಂದು ಕೂತ ಮೇಲೆ. ಅವಳು ಪೊಲೀಸರನ್ನೂ ಕರೆಸುತ್ತಾಳೆ. ಆದರೆ ನಿಜ ಹೇಳಿದರೆ ಮಕ್ಕಳ ಬದುಕೇ ನುಚ್ಚುನೂರಾಗುತ್ತದೆ, ಹೇಳದಿದ್ದರೆ ಪೊಲೀಸರ ಕೈಯಲ್ಲಿ ಏನೂ ಆಗುವುದಿಲ್ಲ. ವಾಲ್ಟರ್ ಹಸುಗೂಸನ್ನು ಎತ್ತಿಕೊಂಡು ಸಾಧುವಿನಂತೆ ನಿಂತಿರುತ್ತಾನೆ. ದೊಡ್ಡ ಮಗ ಅಪ್ಪನ ಪರವಾಗಿ ನಿಂತು ಅಮ್ಮನನ್ನೇ ದೂರುತ್ತಾನೆ. ಆ ಹುಡುಗನನ್ನು ಕ್ಷಮಿಸಬಹುದು, ಅಪ್ಪ ಎಂಥವನೆಂಬುದು ಅವನಿಗೆ ಗೊತ್ತಿಲ್ಲ. ಪ್ರತಿಯೊಂದು ಹೆಣವನ್ನೂ ನೋಡಿರುವ ಪ್ರೇಕ್ಷಕನಿಗೆ ಯಾವ ಕ್ಷಮೆ?

ಕಥೆ ಬರೆದವರಿಗೆ ಈ ಹಗೆಯ ಅರಿವು ಚೆನ್ನಾಗಿಯೇ ಇತ್ತು. ‘ಒಜಿಮ್ಯಾಂಡಿಯಸ್’ ಕಂತಿನಲ್ಲಿ ವಾಲ್ಟರ್ ಫೋನಿನಲ್ಲಿ ಹೆಂಡತಿಯ ಮೇಲೆ ಕಾರುವ ಮಾತುಗಳನ್ನು ಕೇಳಿ. ನೀನು ಗೊಣಗುವವಳು, ಕೃತಜ್ಞತೆ ಇಲ್ಲದವಳು, ನನ್ನನ್ನು ಕೆಳಗೆಳೆದವಳು. ಅಭಿಮಾನಿಗಳು ವರ್ಷಗಟ್ಟಲೆ ಆಡಿದ ಮಾತುಗಳೇ ಅವು. ಪೊಲೀಸರು ಕದ್ದಾಲಿಸುತ್ತಿದ್ದಾರೆಂದು ತಿಳಿದು, ಹೆಂಡತಿಯನ್ನು ಕೇಸಿನಿಂದ ಪಾರುಮಾಡಲು ಅವನು ಕಟ್ಟಿದ ನಾಟಕ ಅದು. ಅವನು ಬೈಯುತ್ತಲೇ ಅಳುತ್ತಿರುತ್ತಾನೆ. ಅದನ್ನೂ ನಿಜವೆಂದು ನಂಬಿ, ‘ಸರಿಯಾಗಿ ಹೇಳಿದ’ ಎಂದು ಚಪ್ಪಾಳೆ ತಟ್ಟಿದವರಿದ್ದಾರೆ.

ಈ ದ್ವೇಷ ಪಾತ್ರಕ್ಕಷ್ಟೇ ನಿಲ್ಲಲಿಲ್ಲ. ಸ್ಕೈಲರ್ ಆಗಿ ನಟಿಸಿದ ಆ್ಯನಾ ಗನ್ 2013ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಲೇಖನ ಬರೆಯಬೇಕಾಯಿತು. ತನ್ನನ್ನು ಕೊಲ್ಲಬೇಕು, ಎಲ್ಲಿ ಸಿಗುತ್ತಾಳೆ ಎಂದು ಕೇಳುವವರೂ ಇದ್ದಾರೆ ಎಂದು ಅದರಲ್ಲಿ ಹೇಳಿಕೊಂಡರು. ‘ದಿ ಸೊಪ್ರಾನೋಸ್’ನ ಕಾರ್ಮೆಲಾ, ‘ಮ್ಯಾಡ್ ಮೆನ್’ನ ಬೆಟ್ಟಿ ಕೂಡ ಇದೇ ಬೈಗುಳ ತಿಂದದ್ದನ್ನು ನೆನಪಿಸಿದರು. ಅದೇ ವರ್ಷ, ಮರುವರ್ಷ ಎರಡೂ ಬಾರಿ ಇದೇ ಪಾತ್ರಕ್ಕೆ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. ನಟನೆ ಕೆಟ್ಟದಾಗಿತ್ತು ಎಂಬ ನೆಪವೂ ಇಲ್ಲ.

ಇದೆಲ್ಲ ಅಮೆರಿಕದ ಮಾತು, ನಮಗೇಕೆ ಎನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಒಂದಲ್ಲ ಒಂದು ಕಾರಣಕ್ಕೆ ಹೆಂಡತಿಯನ್ನು ಹೊಡೆಯುವುದು ಸರಿ ಎಂದ ಗಂಡಸರು ಶೇ 80ಕ್ಕೂ ಹೆಚ್ಚು. ಗಂಡನಾದ ಮಾತ್ರಕ್ಕೆ ಅತ್ಯಾಚಾರದ ಆರೋಪದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ನಮ್ಮ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಹೇಳಿತು. ಆದರೂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಂಡನಿಗೆ ಕೊಟ್ಟ ವಿನಾಯಿತಿ ಹಾಗೇ ಉಳಿದಿದೆ. ಆ ಫ್ರಿಜ್ಜಿನ ಮುಂದಿನ ದೃಶ್ಯ ನಡೆಯುವ ಅಡುಗೆಮನೆಗಳು ನಮ್ಮ ಬೀದಿಯಲ್ಲೂ ಇವೆ. ಅಲ್ಲಿಂದ ಹೊರಬಂದವಳಿಗೆ ನಾವು ಕೇಳುವ ಮೊದಲ ಪ್ರಶ್ನೆ: ‘ಸ್ವಲ್ಪ ಹೊಂದಿಕೊಂಡು ಹೋಗಬಾರದಿತ್ತೇನಮ್ಮ?’

ಗಂಡ ಬಿಟ್ಟುಹೋದರೂ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಿಗಾಗಿ ನಾಡೇ ಕಣ್ಣೀರಿಟ್ಟಿತು. ಉಮಾಶ್ರೀಯವರ ಆ ಪಾತ್ರ ನನಗೂ ಇಷ್ಟ. ಆದರೆ ಪುಟ್ಟಕ್ಕನಲ್ಲಿ ಎಣಿಸಲು ತಪ್ಪುಗಳಿಲ್ಲ. ಸ್ಕೈಲರ್ ತಪ್ಪು ಮಾಡುತ್ತಾಳೆ, ಸಿಟ್ಟಾಗುತ್ತಾಳೆ, ಹೆದರುತ್ತಾಳೆ, ಕೊನೆಗೆ ಗಂಡನ ಕಪ್ಪುಹಣವನ್ನು ಕಾರ್ ವಾಷ್ ಮೂಲಕ ಬಿಳಿಯಾಗಿಸಲೂ ಕೈಜೋಡಿಸುತ್ತಾಳೆ. ಗಂಡಸು ಹೀಗಿದ್ದರೆ ‘ಎಂಥಾ ಸಂಕೀರ್ಣ ಪಾತ್ರ’ ಎಂದು ಕೊಂಡಾಡುತ್ತೀರಿ. ಹೆಣ್ಣಾದರೆ ಅವಳಿಗೆ ದೇವತೆಯಾಗುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲವೇ?

ಕೊನೆಯ ಕಂತಿನಲ್ಲಿ ವಾಲ್ಟರ್ ಹೆಂಡತಿಯ ಮುಂದೆ ನಿಂತು, ಇದನ್ನೆಲ್ಲ ಮಾಡಿದ್ದು ನನಗಾಗಿ, ನನಗದು ಹಿಡಿಸಿತು ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಅಪರಾಧಿಯೇ ಒಪ್ಪಿಕೊಂಡ ಮೇಲೂ ಅವನ ಪರ ವಾದಿಸುತ್ತಿರುವವರು ರಕ್ಷಿಸುತ್ತಿರುವುದು ವಾಲ್ಟರ್‌ನನ್ನಲ್ಲ. ಪ್ರಶ್ನೆ ಕೇಳುವ ಹೆಂಡತಿಯ ಬಾಯಿ ಮುಚ್ಚಿಸುವ ತಮ್ಮ ಹಕ್ಕನ್ನು. ಆ ಹಕ್ಕು ಯಾರಿಗೂ ಇಲ್ಲ.